ಕೊನೇ ರೌಂಡಿನ ಪಿಕ್

ಲಿಟಲ್ ಇಂಡಿಯಾದ ಹೋಟೆಲೊಂದರಲ್ಲಿ ದೋಸೆಗೆ ಕ್ಯೂ ನಿಂತಿದ್ದೆ. ಮುಂದೆ ಬೆವರು ಹರಿಸಿಕೊಂಡು ನಿಂತಿದ್ದ ಇಬ್ಬರು ಎಲ್ಲರಿಗೂ ಕೇಳಿಸುವಂತೆ ಕಚ್ಚಾಡುತ್ತಿದ್ದರು. ಕನ್ನಡದವರ ಫುಟ್‌ಬಾಲ್ ಲೀಗಿಗೆ ಹೋದ ವಾರ ಕ್ಯಾಪ್ಟನ್‌ಗಳು ಸರದಿಯ ಮೇಲೆ ಒಬ್ಬೊಬ್ಬರೇ ಆಟಗಾರರನ್ನು ಆರಿಸಿಕೊಳ್ಳುವ ಡ್ರಾಫ್ಟ್ ನಡೆದಿತ್ತಂತೆ. ಒಬ್ಬ ಕ್ಯಾಪ್ಟನ್ ನವನೀತ್, ಇನ್ನೊಬ್ಬ ಅವನ ಟೀಮಿನ ಅವಿನಾಶ್. ಶುರು ಮಾಡಿದ್ದು ಅವಿನಾಶ್.

“ಫಸ್ಟ್ ಪಿಕ್ ನಿಂದೇ ಇತ್ತು. ಕರಣ್‌ನಂಥ ಸ್ಟ್ರೈಕರ್‌ನ ಬಿಟ್ಟು ನಿನ್ ಬಾಸ್‌ನ ತಗೊಂಡ್ಯಲ್ಲೋ!”

“ದತ್ತಾತ್ರೇಯ ಸರ್ ಕಾಲೇಜ್ ಟೀಮಲ್ಲಿ ಡಿಫೆಂಡರ್ ಆಗಿದ್ರು.”

“ಯಾವ ಕಾಲದಲ್ಲಿ? ಇವತ್ತು ವಾರ್ಮಪ್ಪಲ್ಲೇ ಕೂತ್ಬಿಟ್ರು.”

“ಮೆಲ್ಲಗೆ ಮಾತಾಡು.”

“ಯಾಕೆ, ಅಪ್ರೈಸಲ್ ಕೆಡುತ್ತಾ? ಆಟ ನೋಡಿ ತಗೊಂಡಿರೋ ಒಬ್ಬನನ್ನಾದ್ರೂ ತೋರ್ಸು.”

“ಆಟ ನೋಡಿದ್ರೆ ನಿನ್ನನ್ನ ಯಾರು ತಗೋತಿದ್ರು? ಕೊನೇ ರೌಂಡ್‌ವರೆಗೂ ಉಳ್ಕೊಂಡಿದ್ದೆ.”

“ಮತ್ತೆ ನೀನ್ಯಾಕೆ ತಗೊಂಡೆ?”

“ಕಾರ್ ಇರೋದು ನಿನ್ನ ಹತ್ರ ಮಾತ್ರ.”

ಅವಿನಾಶ್ ಜೇಬಿನಿಂದ ಕೀ ತೆಗೆದು ಕ್ಯೂ ಬಿಟ್ಟು ಹೊರಟ.

“ಏಯ್, ಮಡಚೋ ಗೋಲ್‌ಪೋಸ್ಟ್ ನಿನ್ ಡಿಕ್ಕೀಲಿದೆ ಕಣೋ!”

“ಈಗ್ಲೇ ಬಂದು ಇಳಿಸ್ಕೋ. ಎಂಆರ್‌ಟಿ ರೈಲ್ ಸ್ಟೇಷನ್‌ವರೆಗೂ ಹೊರೋಕೆ ನಿನ್ ಫಸ್ಟ್ ಪಿಕ್‌ನ ಕರಿ.”

ನವನೀತ್ ದೋಸೆ ಬಿಟ್ಟು ಅವನ ಹಿಂದೆ ಓಡಿದ.