ಇಬ್ಬರ ಮನೆಯ ಸರಾಸರಿ

ಸಂಡರ್‌ಲ್ಯಾಂಡಿನ ಅಂಚೆ ಕಚೇರಿಯ ಸಾಲಿನಲ್ಲಿ ನನ್ನ ಮುಂದೆ ಬೆರಿಲ್, ಎನಿಡ್ ಎಂಬ ಇಬ್ಬರು ಮುದುಕಿಯರು ನಿಂತಿದ್ದರು. ಎನಿಡಳ ಮನೆಯ ಗ್ಯಾಸು-ಕರೆಂಟಿನ ಬಳಕೆಯನ್ನು ಬೇರೆ ಮನೆಗಳಿಗೆ ಹೋಲಿಸಿ ಕಂಪನಿ ಕಳಿಸಿದ್ದ ಕಾಗದವನ್ನು ಬೆರಿಲ್ ಓದುತ್ತಿದ್ದಳು.

“ಶಭಾಷ್ ಕಣೇ ಎನಿಡ್, ಇಬ್ಬರಿರೋ ಮನೆಯ ಸರಾಸರಿಗೆ ಸರಿಯಾಗಿ ಬಂದಿದೀಯ!”

“ಹೂಂ. ನಗುಮುಖದ ಚಿತ್ರಾನೂ ಹಾಕಿದಾರೆ.”

“ಹೋದ ಚಳಿಗಾಲ ಬೀದಿಗೆಲ್ಲ ನಿಂದೇ ಜಾಸ್ತಿ ಅಂತ ಬರೆದಿದ್ರಲ್ಲ. ಏನ್ ಮಾಡ್ದೆ, ಟೀ ಬಿಟ್ಯಾ?”

“ನಾನೇನೂ ಮಾಡ್ಲಿಲ್ಲ. ನೀನು ಮಗಳ ಮನೇಲಿದ್ದಾಗ ಆರ್ಥರ್‌ನ ಆಕ್ಸಿಜನ್ ಮಿಷನ್ ಆಸ್ಪತ್ರೆಯವರು ವಾಪಸ್ ತಗೊಂಡೋದ್ರು.”

ಬೆರಿಲ್ ಕಾಗದ ಮಡಚಿದಳು.

“ಅಯ್ಯೋ, ನಿನ್ನ ಯಜಮಾನ್ರು ಯಾವಾಗ ಹೋದ್ರೇ?”

“ಜನವರೀಲಿ. ಆ ಕರೆಂಟಿನ ಮಿಷನ್ ಹಗಲೂ ರಾತ್ರಿ ಗುರ್ ಅಂತಿತ್ತು. ಈಗ ಮನೆಯೆಲ್ಲ ಬಿಕೋ ಅನ್ನುತ್ತೆ.”

“ಒಬ್ಬಳೇ ಇದೀನಿ ಅಂತ ಕಂಪನಿಗೆ ತಿಳಿಸ್ಬೇಕಲ್ವಾ?”

“ತಿಳಿಸಿದ್ರೆ ಒಬ್ಬರ ಮನೆಗೆ ಹೋಲಿಸ್ತಾರೆ. ಆಗ ನಾನು ಮತ್ತೆ ಜಾಸ್ತಿಯಾಗ್ತೀನಿ.”

ಕಿಟಕಿಯಿಂದ ಕರೆದರು. ಇಬ್ಬರೂ ಮುಂದೆ ಹೋದರು.