ಬಣ್ಣ: ಬೇರೆ

ಅಧ್ಯಕ್ಷತೆ ವಹಿಸಿರುವ ನಮ್ಮ ಡಿಪೋ ಮ್ಯಾನೇಜರ್ ಸಾಹೇಬರೇ, ಮುಖ್ಯ ಅತಿಥಿಗಳೇ, ಬಸ್ಸಿನ ಸೀಟಿನಡಿ ಸಿಕ್ಕಿದ್ದನ್ನೆಲ್ಲ ಮೂವತ್ತೊಂದು ವರ್ಷ ನನ್ನ ಕೋಣೆಗೆ ತಂದು ಸುರಿದ ಕಂಡಕ್ಟರ್ ಬಂಧುಗಳೇ, ಡ್ರೈವರ್ ಬಂಧುಗಳೇ, ಭಾಷಣ ಮುಗಿದ ಮೇಲೆ ತಿಂಡಿ ಇದೆ ಎಂಬ ನಂಬಿಕೆಯಿಂದ ಹಿಂದಿನ ಸಾಲು ಹಿಡಿದಿರುವ ಸಭಿಕರೇ,

ನನಗೆ ಒಂದು ಗೋಡೆ ಗಡಿಯಾರ ಕೊಟ್ಟಿದ್ದೀರಿ. ಸಂತೋಷ. ಮನೆಯಲ್ಲಿ ಆಗಲೇ ಒಂದಿದೆ. ನನ್ನವಳು ತೀರಿಹೋದ ನಾಲ್ಕು ವರ್ಷದಿಂದ ಆ ಮನೆಯಲ್ಲಿ ಮಾತಾಡುವುದು ಅದೊಂದೇ. ಇನ್ನು ಮೇಲೆ ಎರಡೂ ಪರಸ್ಪರ ಮಾತಾಡಿಕೊಳ್ಳಲಿ, ನಾನು ಕೇಳುತ್ತ ಕೂರುತ್ತೇನೆ.

ಅಧ್ಯಕ್ಷರು ನನ್ನ ಬಗ್ಗೆ ಬಹಳ ಒಳ್ಳೆಯ ಮಾತಾಡಿದರು. ಕಾಲು ಭಾಗ ನಿಜ, ಉಳಿದದ್ದು ಬೀಳ್ಕೊಡುಗೆ. ಆದರೆ ನಡುವೆ ಒಂದು ಮಾತು ಬಂತು. "ನಮ್ಮ ಕಳೆದ ವಸ್ತುಗಳ ಪುಟದಲ್ಲಿ ಮೊದಮೊದಲು ಒಂದು ತಾಂತ್ರಿಕ ದೋಷವಿತ್ತು, ಆಮೇಲೆ ಸರಿಹೋಯಿತು" ಎಂದರು. ಆ ಪುಟ ಮಾಡಿದ ಹುಡುಗಿಯ ಕೆಲಸ ಕಾಯಂ ಆಗಬೇಕೋ ಬೇಡವೋ ಎಂದು ಬರುವ ವಾರ ಸಮಿತಿ ಕೂರುತ್ತದೆ. ಅವಳ ಕಡತದಲ್ಲಿ ಇದೇ ಎರಡು ಪದ ಬರೆದಿದೆಯೆಂದು ಕೇಳಿದ್ದೇನೆ: ತಾಂತ್ರಿಕ ದೋಷ. ನನ್ನ ತಕರಾರು ಆ ಎರಡು ಪದಗಳ ಮೇಲೆ. ತಕರಾರು ಹೇಳುವುದಕ್ಕೆ ಸ್ವಲ್ಪ ಸುತ್ತು ಹಾಕಬೇಕಾಗುತ್ತದೆ. ದಯವಿಟ್ಟು ಕೂತಿರಿ, ತಿಂಡಿ ಎಲ್ಲಿಗೂ ಓಡಿಹೋಗುವುದಿಲ್ಲ.

ನಾನು ಹಳ್ಳಿಯಲ್ಲಿ ಬೆಳೆದವನು. ನಮ್ಮಜ್ಜಿಯ ಹಸು ಒಮ್ಮೆ ತಪ್ಪಿಸಿಕೊಂಡಿತು. ಅಜ್ಜಿ ದಾರಿಯಲ್ಲಿ ಸಿಕ್ಕವರನ್ನೆಲ್ಲ ಹೇಗೆ ಕೇಳಿದಳು? "ಬಿಳಿ ಹಸು ಕಂಡ್ರಾ" ಎಂದಳೇ? ಇಲ್ಲ. "ಎಡಗಿವಿ ಹರಿದದ್ದು, ಗಂಡಸರನ್ನ ಕಂಡ್ರೆ ಹಾಯೋದು, ಹೆಂಗಸರನ್ನ ಕಂಡ್ರೆ ಸೆರಗು ನೆಕ್ಕೋದು, ಅಂಥಾದ್ದು ಏನಾದ್ರೂ ಈ ಕಡೆ ಬಂತೇನಪ್ಪ?" ಎಂದಳು. ಮೂರನೆಯವನೇ ಹೇಳಿಬಿಟ್ಟ: "ಬಂತಜ್ಜಿ, ಹಾಯ್ತು." ಕಳೆದುಹೋದದ್ದಕ್ಕೆ ಬಣ್ಣ ಸಾಲದು, ಗುಣ ಹೇಳಬೇಕು. ಈ ಪಾಠ ಹೊತ್ತುಕೊಂಡೇ ನಾನು ಈ ಕೆಲಸಕ್ಕೆ ಬಂದವನು. ನನ್ನ ದೊಡ್ಡ ಪುಸ್ತಕದಲ್ಲಿ "ಕಪ್ಪು ಕೊಡೆ" ಎಂದು ಒಂದೇ ಒಂದು ಸಲವೂ ಬರೆದವನಲ್ಲ. "ಒಂದು ಕಡ್ಡಿಗೆ ತಂತಿ ಸುತ್ತಿದೆ, ಒಡೆಯನಿಗೆ ರಿಪೇರಿಯ ಹುಚ್ಚು" ಎಂದು ಬರೆದೆ. ಕೌಂಟರಿಗೆ ಬಂದವರು ಗುರುತು ಹೇಳಬೇಕು, ನಾನು ಕೇಳಬೇಕು, ಆಮೇಲೆ ವಸ್ತು ಕೊಡಬೇಕು. ಜನ ನನಗೆ "ಕಳಕೊಂಡೋರ ಸಾಹೇಬ್ರು" ಎಂದು ಹೆಸರಿಟ್ಟರು.

ಹೀಗಿರುವಾಗ ಎರಡು ವರ್ಷದ ಹಿಂದೆ ಆ ಹುಡುಗಿ ಬಂದಳು. ಕೋಣೆಯಲ್ಲಿರುವುದನ್ನೆಲ್ಲ ಕಂಪ್ಯೂಟರಿಗೆ ಹತ್ತಿಸಬೇಕು, ಜನ ಮನೆಯಲ್ಲೇ ಕೂತು ಹುಡುಕಬೇಕು, ಇದು ಅವಳಿಗೆ ಕೊಟ್ಟ ಕೆಲಸ. ಮೊದಲು ಅವಳು ಮಾಡಿದ ಪುಟ ಸಾವಿರದ ನೂರು ಚಿಲ್ಲರೆ ವಸ್ತುಗಳನ್ನು ಫೋಟೋ ಸಮೇತ ಒಟ್ಟಿಗೆ ತಂದು ಸುರಿಯುತ್ತಿತ್ತು. ಮೊಬೈಲು ಕಾದು ಕೆಂಡವಾಗುತ್ತಿತ್ತು, ಚಕ್ರ ಗಿರಗಿರ ತಿರುಗುತ್ತಿತ್ತು, ಒಂದು ಕೊಡೆಯೂ ಕಾಣುತ್ತಿರಲಿಲ್ಲ. ನನಗೆ ಒಳಗೊಳಗೇ ಖುಷಿ. ಅವಳು ನಕ್ಕು ಹೇಳಿದಳು: "ಸರ್, ಕಣಜಾನೇ ಹೊತ್ಕೊಂಡು ಬರೋದು ಬೇಡ. ಅಲ್ಲೇ ಜರಡಿ ಹಿಡಿಯೋಣ. ಕೇಳಿದ್ದಷ್ಟೇ ಈಚೆಗೆ ಬರ್ಲಿ."

ಹಾಗೆಯೇ ಮಾಡಿದಳು. ಹುಡುಕುವವರು ಮೂರು ಮಾತು ಒತ್ತಬೇಕು: ಏನು ವಸ್ತು, ಯಾವ ಬಣ್ಣ, ಯಾವ ತಿಂಗಳು. ಮೂರೂ ಹೊಂದಿದ ಸಾಲುಗಳು ಮಾತ್ರ ಪುಟಕ್ಕೆ ಬಂದು ಕೂರುತ್ತವೆ. ಒಂದು ತಪ್ಪಿದರೂ ಆ ಸಾಲು ಬರುವುದಿಲ್ಲ. ಡಿಪೋದಲ್ಲಿ ಎಲ್ಲರೂ ಅವಳನ್ನು "ಜರಡಿ ಮೇಡಂ" ಎಂದು ಕರೆಯತೊಡಗಿದರು. ವಿವರ ಬರೆಯುವುದಕ್ಕೆ ನನಗೂ ಒಂದು ಜಾಗ ಕೊಟ್ಟಿದ್ದಳು. ಆದರೆ ಜರಡಿ ಆ ವಿವರವನ್ನು ನೋಡುತ್ತಿರಲಿಲ್ಲ.

ಈಗ ನನ್ನ ಸರದಿ. ಬಣ್ಣದ ಪಟ್ಟಿ ತೆರೆದೆ. ಕೆಂಪು, ನೀಲಿ, ಹಸಿರು, ಹಳದಿ, ಕಪ್ಪು, ಬಿಳಿ, ಕಂದು. ಕೊನೆಗೆ "ಬೇರೆ". ಒಂದು ಶಾಲು ಕೈಗೆತ್ತಿಕೊಂಡೆ. ಅದು ಹಸಿರೇ? ಹಳೆಯ ಬಾವಿಯ ನೀರಿನ ಬಣ್ಣ. "ಬೇರೆ" ಎಂದು ಒತ್ತಿದೆ. ಒಂದು ಚಪ್ಪಲಿ. ಅದು ಕಪ್ಪೇ? ಒಂದು ಕಾಲದಲ್ಲಿ ಕಪ್ಪಾಗಿತ್ತು. ಬೇರೆ. ಒಂದು ಟೋಪಿ, ಬೇರೆ. ಹೀಗೆ ಸಾವಿರದ ನೂರನ್ನೂ ಬೇರೆ, ಬೇರೆ, ಬೇರೆ ಎಂದು ಒತ್ತುತ್ತ ಹೋದೆ. ಪಟ್ಟಿಯ ಬಡತನ ನನ್ನನ್ನು ಹಾಗೆ ಮಾಡಿಸಿತು ಎಂದು ಬಹಳ ದಿನ ನಂಬಿಕೊಂಡಿದ್ದೆ. ಸಭಿಕರೇ, ಕಪ್ಪನ್ನು ಕಪ್ಪು ಎನ್ನುವುದಕ್ಕೆ ನನಗೇನು ಕಣ್ಣಿರಲಿಲ್ಲವೇ? ಬಣ್ಣ ಸಿಗದಿದ್ದರೆ ಜನ ಎಲ್ಲಿಗೆ ಬರಬೇಕು? ಕೌಂಟರಿಗೆ ಬರಬೇಕು. ಬಂದು ಯಾರ ಹತ್ತಿರ ಮಾತಾಡಬೇಕು?

ಇರಲಿ. ನೀರು ಕುಡಿಯುತ್ತೇನೆ.

ಜನ ಕೌಂಟರಿಗೆ ಬರಲಿಲ್ಲ. ಇದನ್ನು ನಾನು ಎಣಿಸಿರಲಿಲ್ಲ. ಪುಟ "ಏನೂ ಸಿಗಲಿಲ್ಲ" ಎಂದರೆ ಏನೂ ಇಲ್ಲವೆಂದೇ ನಂಬಿ ಮನೆಯಲ್ಲೇ ಉಳಿದರು. ಬರುತ್ತಿದ್ದ ನಾಲ್ಕು ಮಂದಿಯೂ ಬರುವುದನ್ನು ನಿಲ್ಲಿಸಿದರು.

ಆಗ ಒಬ್ಬ ಬಡಗಿ ಬಂದ. ಐವತ್ತರ ಆಸುಪಾಸು, ಕಿವಿಯ ಮೇಲೆ ಪೆನ್ಸಿಲು. "ಸಾಹೇಬ್ರೇ, ಹತ್ತೊಂಬತ್ತು ದಿನ ಆಯ್ತು. ಉಳಿ ಚೀಲ ಏಳನೇ ನಂಬರ್ ಬಸ್ಸಲ್ಲಿ ಬಿಟ್ಟೆ. ದಿನಾ ಬೆಳಿಗ್ಗೆ ಎದ್ದು ನಿಮ್ಮ ಪುಟ ನೋಡ್ತೀನಿ. ಉಪಕರಣ ಅಂತ ಒತ್ತಿದೆ, ಕಂದು ಅಂತ ಒತ್ತಿದೆ. ಏನೂ ಸಿಗಲಿಲ್ಲ ಅಂತು. ಯಂತ್ರ ಯಾಕೆ ಸುಳ್ಳು ಹೇಳುತ್ತೆ ಅಂತ ಸುಮ್ನಾದೆ. ನನ್ನ ಹೆಂಡ್ತಿ ಬಿಡ್ಲಿಲ್ಲ. ಯಂತ್ರಾನ ಕೇಳಿದ್ದು ಸಾಕು, ಹೋಗಿ ಮನುಷ್ಯರನ್ನ ಕೇಳ್ರೀ ಅಂದ್ಳು."

ಚೀಲ ನನ್ನ ಬೆನ್ನ ಹಿಂದಿನ ಕಪಾಟಿನಲ್ಲೇ ಇತ್ತು. ಹತ್ತೊಂಬತ್ತು ದಿನದಿಂದ ಇತ್ತು. ವಿವರದಲ್ಲಿ ನಾನೇ ಬರೆದಿದ್ದೆ: "ಏಳು ಉಳಿ, ಹಿಡಿಗಳು ಒಂದೇ ಬದಿಗೆ ಸವೆದಿವೆ, ಒಡೆಯ ಎಡಚ." ಬಣ್ಣ: ಬೇರೆ. ತೆಗೆದುಕೊಟ್ಟೆ. ಅವನು ಒಂದೊಂದೇ ಉಳಿಯ ಹಿಡಿಯನ್ನು ಎಡಗೈಯಲ್ಲಿ ಹಿಡಿದು ನೋಡಿದ. ಶಾಲೆಯೊಂದರ ಮೆಟ್ಟಿಲ ಕಟಕಟೆಯ ಕೆಲಸ ಅವನ ಕೈಯಲ್ಲಿತ್ತಂತೆ, ಅದು ಬೇರೆಯವರ ಪಾಲಾಯಿತಂತೆ. ಹತ್ತೊಂಬತ್ತು ದಿನ ಇನ್ನೊಬ್ಬರ ಅಂಗಡಿಯಲ್ಲಿ ಹಲಗೆ ಹೊತ್ತನಂತೆ. ಹೊರಡುವ ಮುಂಚೆ ನನ್ನ ಎರಡೂ ಕೈ ಹಿಡಿದುಕೊಂಡು "ನೀವಿದ್ರಿ, ಸಿಕ್ತು" ಎಂದ. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ.

ಅದೇ ವಾರ ಮೀಟಿಂಗ್. ಅಧ್ಯಕ್ಷರಿಗೆ ನೆನಪಿರಬಹುದು. "ಈ ಪುಟದಿಂದ ಒಬ್ಬರಿಗೂ ಒಂದು ವಸ್ತು ಸಿಕ್ಕಿಲ್ಲ, ಏನಮ್ಮ ಇದು?" ಎಂದು ತಾವು ಕೇಳಿದಿರಿ. ಅವಳು ಎದ್ದು ನಿಂತು, "ನೋಡ್ತೀನಿ ಸರ್, ನನ್ನ ಕಡೆಯಿಂದಲೇ ಏನೋ ತಪ್ಪಾಗಿರಬಹುದು" ಎಂದಳು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಳ್ಳುತ್ತಾನಂತೆ. ನಾನು ಹೆಗಲನ್ನೂ ಮುಟ್ಟಿಕೊಳ್ಳಲಿಲ್ಲ. ಚಹದ ಲೋಟ ತಿರುಗಿಸುತ್ತ ಅವಳ ಪಕ್ಕದಲ್ಲೇ ಕೂತಿದ್ದೆ.

ಮೀಟಿಂಗ್ ಮುಗಿದು ಮೆಟ್ಟಿಲಿಳಿಯುವಾಗ ಅವಳೇ ಕೇಳಿದಳು: "ಸರ್, ಸಾವಿರದ ನೂರು ಸಾಮಾನಲ್ಲಿ ಒಂದಕ್ಕೂ ಬಣ್ಣ ಇಲ್ವಾ?"

"ನಿಂಗೆ ಗೊತ್ತಿತ್ತಾ?"

"ಹದಿನೈದು ದಿನದಿಂದ."

"ಮತ್ತೆ ಒಳಗೆ ಯಾಕಮ್ಮ ಹೇಳ್ಲಿಲ್ಲ?"

"ಹೇಳಿದ್ರೆ, ಬಣ್ಣ ಒತ್ತೋದು ಬಿಟ್ಟು ಕತೆ ಬರೀತಿದಾರೆ, ವಿವರದ ಜಾಗಾನೇ ತೆಗೆದುಬಿಡು ಅಂತಿದ್ರು. ನಾನು ದಿನಾ ಮಧ್ಯಾಹ್ನ ಊಟ ಮಾಡ್ತಾ ನಿಮ್ಮ ವಿವರ ಓದ್ತೀನಿ ಸರ್. ಇನ್ನೂ ಮುನ್ನೂರು ಬಾಕಿ ಇದೆ."

ಮೂವತ್ತೊಂದು ವರ್ಷದಲ್ಲಿ ನಾನು ಬರೆದದ್ದನ್ನು ಓದಿದ ಮೊದಲನೆಯವಳು ಅವಳೇ. ಎರಡನೆಯವಳು ಎನ್ನಬೇಕು. ಮನೆಯಲ್ಲಿ ಊಟದ ಹೊತ್ತಿಗೆ ನಾನು ಓದಿ ಹೇಳುತ್ತಿದ್ದೆ, ನನ್ನವಳು ನಗುತ್ತಿದ್ದಳು. ಅದು ಬೇರೆ ವಿಷಯ.

ಮರುದಿನದಿಂದ ಆರು ದಿನ ಕೂತು ಸಾವಿರದ ನೂರಕ್ಕೂ ಬಣ್ಣ ಹಾಕಿದೆ. ಬಾವಿಯ ನೀರಿನ ಶಾಲಿಗೂ ಹಸಿರು ಎಂದೇ ಒತ್ತಿದೆ. ಆ ಶಾಲು ಮೂರೇ ದಿನದಲ್ಲಿ ಮನೆ ಸೇರಿತು. ಅವಳೂ ಸುಮ್ಮನಿರಲಿಲ್ಲ. ಪುಟದ ಮೇಲ್ಗಡೆ ಒಂದು ಉದ್ದನೆಯ ಜಾಗ ಇಟ್ಟು "ನಿಮ್ಮ ಮಾತಲ್ಲೇ ಹೇಳಿ" ಎಂದು ಬರೆದಳು. ಈಗ ಜರಡಿ ನನ್ನ ವಿವರವನ್ನೂ ನೋಡುತ್ತದೆ. "ತಂತಿ ಸುತ್ತಿದ ಕೊಡೆ" ಎಂದು ಬರೆದರೆ ಆ ಕೊಡೆಯೇ ಬರುತ್ತದೆ. ನಮ್ಮಜ್ಜಿ ಇದ್ದಿದ್ದರೆ ಹಸು ಹುಡುಕಿಕೊಳ್ಳುತ್ತಿದ್ದಳು.

ಆದ್ದರಿಂದ ಅಧ್ಯಕ್ಷರೇ, ದೋಷ ಇದ್ದದ್ದು ನಿಜ, ಅದು ತಾಂತ್ರಿಕವಲ್ಲ. ಅದಕ್ಕೆ ಅರವತ್ತು ವರ್ಷ, ಎತ್ತರ ಐದೂವರೆ ಅಡಿ, ಇವತ್ತು ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ನಿಮ್ಮ ಮುಂದೆ ನಿಂತಿದೆ. ಅವಳ ಕಡತದಲ್ಲಿ ಆ ಎರಡು ಪದ ಹೊಡೆದುಹಾಕಿ ನನ್ನ ಹೆಸರು ಬರೆಯಿರಿ. ಮೀಟಿಂಗಿನಲ್ಲಿ ಹೇಳಬೇಕಾಗಿದ್ದ ಮಾತು, ಹತ್ತಿರ ಹತ್ತಿರ ಎರಡು ವರ್ಷ ತಡವಾಗಿದೆ. ಇದನ್ನೇ ಬರೆದು ಸಹಿ ಹಾಕಿದ ಕಾಗದ ಈ ಜೇಬಿನಲ್ಲಿದೆ. ಇಗೋ, ಮೇಜಿನ ಮೇಲೆ ಇಡುತ್ತಿದ್ದೇನೆ. ಅಧ್ಯಕ್ಷರು ತೆಗೆದುಕೊಂಡರು. ಎಲ್ಲರೂ ನೋಡಿದಿರಿ ತಾನೇ?

ಅವಳು ಈ ಸಭೆಯಲ್ಲಿಲ್ಲ. ಹೊಸಬರು ಬರುವ ತನಕ ಕೌಂಟರಿನಲ್ಲಿ ಅವಳೇ ಕೂರುತ್ತಾಳೆ. ಐದು ಗಂಟೆಯವರೆಗೆ ಅದನ್ನು ಮುಚ್ಚುವಂತಿಲ್ಲ.

ಕೊನೆಯದಾಗಿ ಒಂದು ಮಾತು. ಇವತ್ತು ಬೆಳಿಗ್ಗೆ ಇಲ್ಲಿಗೆ ಬರುವ ಗಡಿಬಿಡಿಯಲ್ಲಿ ನನ್ನ ಊಟದ ಡಬ್ಬಿಯನ್ನು ಬಸ್ಸಿನಲ್ಲಿ ಬಿಟ್ಟುಬಿಟ್ಟೆ. ನಗಬೇಡಿ. ಈ ಸಭೆಗೆ ಸ್ವಲ್ಪ ಮುಂಚೆ ಪಕ್ಕದ ಕೋಣೆಯಲ್ಲಿ ಕೂತು ನಮ್ಮ ಪುಟ ತೆರೆದೆ. ವಸ್ತು: ಡಬ್ಬಿ. ಬಣ್ಣ? ಪಟ್ಟಿಯಲ್ಲಿ ಸ್ಟೀಲಿನ ಬಣ್ಣ ಇಲ್ಲ ನೋಡಿ. "ಬೇರೆ" ಎಂದು ಒತ್ತಿದೆ, ಈ ಸಲ ಪ್ರಾಮಾಣಿಕವಾಗಿ. ಒಂದೇ ಒಂದು ಸಾಲು ಬಂತು. ಬರೆದವಳು ಅವಳೇ. ಓದುತ್ತೇನೆ:

"ಎರಡು ಅಂತಸ್ತಿನ ಡಬ್ಬಿ. ಮುಚ್ಚಳದ ಅಂಚು ತಗ್ಗಿದೆ. ಮೂಲೆಯಲ್ಲಿ ಸೋಪು ಉಳಿದಿದೆ, ತೊಳೆದವರು ಗಂಡಸು. ಒಳಗೆ ಇಬ್ಬರಿಗಾಗುವಷ್ಟು ಊಟ ಇದೆ. ಮಾಲೀಕರು ಖುದ್ದಾಗಿ ಬಂದು ಗುರುತು ಹೇಳತಕ್ಕದ್ದು. ಗುರುತು ತಪ್ಪಿದರೆ ನಾಳೆ ಮತ್ತೆ ಬರತಕ್ಕದ್ದು."

ಗಂಟೆ ನಾಲ್ಕೂ ಮುಕ್ಕಾಲು, ನೀವು ಕೊಟ್ಟ ಗಡಿಯಾರದಲ್ಲೂ ಅಷ್ಟೇ. ನಾನು ಈಗ ಕೌಂಟರಿನ ಆಚೆ ಕಡೆ ನಿಲ್ಲಬೇಕು. ಇವತ್ತಿಗೆ ಗುರುತು ತಪ್ಪಾಗಿ ಹೇಳಬೇಕೆಂದಿದ್ದೇನೆ.

ಇಷ್ಟು ಹೊತ್ತು ಕಿವಿಗೊಟ್ಟ ನಿಮಗೆಲ್ಲ ಕೃತಜ್ಞ. ಏಳುವಾಗ ಒಮ್ಮೆ ಕುರ್ಚಿಯ ಕೆಳಗೆ ನೋಡಿಕೊಳ್ಳಿ. ನಮಸ್ಕಾರ.