ಮೀನಿನ ತಲೆ ಯಾರಿಗೆ

ಭಾನುವಾರ ಸಂಜೆ ಫಿಜಿಯ ನೌಸೋರಿ ಪಟ್ಟಣದಲ್ಲಿ, ರಾಜಧಾನಿ ಸುವಾಕ್ಕೆ ಹೋಗುವ ಬಸ್ಸಿಗೆ ಕಾಯುವ ಸಾಲಿನಲ್ಲಿ ನನ್ನ ಮುಂದೆ ಅಣ್ಣ ತಮ್ಮ ನಿಂತಿದ್ದರು. ಅಣ್ಣ ಅಪೆನಿಸಾ ಸಂಸತ್ ಸದಸ್ಯ, ಕಾರು ಕೆಟ್ಟಿತ್ತೇನೋ. ತಮ್ಮ ಇಲೈತಿಯಾ ಸೇನೆಯ ಸಮವಸ್ತ್ರದಲ್ಲಿದ್ದ. ಇಬ್ಬರೂ ಅಮ್ಮನ ಮನೆಯಲ್ಲಿ ಉಂಡು ಬಂದಿದ್ದರು. ಕಿವಿ ಮುಚ್ಚಿಕೊಳ್ಳಲು ನನಗೆ ಮನಸ್ಸಾಗಲಿಲ್ಲ.

"ಮೀನಿನ ತಲೆ ಹಿರಿಯನಿಗೆ ಹೋಗ್ಬೇಕು. ಅಮ್ಮ ನಿನ್ನ ತಟ್ಟೆಗೆ ಹಾಕಿದ್ಲು."

"ನಾನೇನು ಕೇಳಿದ್ನಾ?"

"ಕೇಳೋದ್ಯಾಕೆ? ಫಿಜಿಯ ಜನರೆಲ್ಲರ ಯೋಗಕ್ಷೇಮ ಸೇನೆಯ ಹೊಣೆ ಅಂತ ಸಂವಿಧಾನದಲ್ಲೇ ಬರೆದಿದೆಯಲ್ಲ. ಅಮ್ಮ ಅದನ್ನ ಬಾಯಿಪಾಠ ಮಾಡ್ಕೊಂಡಿದ್ದಾಳೆ."

"ನಿಂಗೆ ಹೊಟ್ಟೆಉರಿ ಕಣಣ್ಣಾ."

"ಉರಿಯದೆ ಇನ್ನೇನು? ನಾನು ಊರೂರು ತಿರುಗಿ, ನಾಲಿಗೆ ಮರಗಟ್ಟೋ ತನಕ ಜನ ಕೊಟ್ಟ ಕಾವಾ ಬೇರಿನ ರಸ ಕುಡಿದು ವೋಟು ಕೇಳ್ದೆ. ಜನಕ್ಕೆ ಬೇಡ ಅನಿಸಿದ್ರೆ ನನ್ನನ್ನ ಮನೆಗೆ ಕಳಿಸ್ತಾರೆ. ನಿಮ್ಮ ಸೇನೆಯೋರನ್ನ ಕಳಿಸೋರು ಯಾರು?"

"ಹಾಗಾದ್ರೆ ಸಂವಿಧಾನದಿಂದ ಆ ಸಾಲು ತೆಗೆದುಹಾಕಿ. ಸಂಸತ್ತಲ್ಲಿ ಕೂತಿರೋದು ನೀವೇ ತಾನೇ?"

"ಅದರಲ್ಲೇ ಬರೆದಿರೋ ಪ್ರಕಾರ ಅದಕ್ಕೆ ಸಂಸತ್ತಿನ ಮುಕ್ಕಾಲು ಪಾಲು ಒಪ್ಪಬೇಕು, ಆಮೇಲೆ ದೇಶದ ಮತದಾರರಲ್ಲಿ ಮುಕ್ಕಾಲು ಪಾಲು ಒಪ್ಪಬೇಕು ಕಣೋ."

ಬಸ್ಸು ಬಂತು. ತಮ್ಮ ಪಕ್ಕಕ್ಕೆ ಸರಿದು ಅಣ್ಣನಿಗೆ ದಾರಿ ಬಿಟ್ಟ.

"ನೀನೇ ಮೊದ್ಲು ಹತ್ತಣ್ಣಾ. ಆ ಮುಕ್ಕಾಲು ಪಾಲಲ್ಲಿ ಅಮ್ಮನ ವೋಟು ಮಾತ್ರ ಲೆಕ್ಕ ಹಾಕ್ಬೇಡ."